ಬೆನ್ನು ಬೆಚ್ಚಗಿನ ಫ್ರಿಜ್

‘ಜುನಾ ಫ್ರಿಜ್, ಕೂಲರ್, ಲೋಖಂಡ, ಭಂಗಾರ...’ ಪುಣೆಯ ವಾಕಡದ ಓಣಿಯಲ್ಲಿ ಗುಜರಿ ಗಾಡಿಯ ಸ್ಪೀಕರು ಮರಾಠಿಯಲ್ಲಿ ಕೂಗುತ್ತಾ ಬಂತು. ಮೂರನೆಯ ಮಹಡಿಯ ಅಡುಗೆಮನೆಯಲ್ಲಿ ಶರಣಮ್ಮ ಜೋಳದ ರೊಟ್ಟಿಯೊಂದರ ಅಂಚು ಹಿಡಿದು ಗಂಡನ ಮುಖದ ಮುಂದೆ ಎತ್ತಿದಳು. ಗರಿಗರಿಯಾಗಿರಬೇಕಾದ ರೊಟ್ಟಿ ಒದ್ದೆ ಕರವಸ್ತ್ರದ ಹಾಗೆ ಜೋತುಬಿತ್ತು.

ಶರಣಮ್ಮ: ಕೇಳಸ್ತದೇನ್ರಿ? ನಿಮ್ಮ ಫ್ರಿಜ್ಜಿನ ಹೆಸರ ಹಿಡದೇ ಕರೀಲಿಕತ್ತಾನ. ಕೊಟ್ಟ ಬರ್ರಿ.

ಗುರಣ್ಣ: ಸುಮ್ನಿರು. ಎಂಟು ವರ್ಷದ ಮ್ಯಾಲ ಇವತ್ತ ಅದಕ್ಕ ಜೀವಾ ಬಂದದ.

ಶರಣಮ್ಮ: ಎಂಟು ವರ್ಷ ಅದು ನನ್ನ ರೊಟ್ಟಿ ಕಪಾಟ ಇತ್ತು. ಇರಿವಿ ಇಲ್ಲ, ಇಲಿ ಇಲ್ಲ. ಮಳಿಗಾಲದಾಗೂ ರೊಟ್ಟಿ ಕಟಕ್ ಅಂತಿದ್ದವು.

ಗುರಣ್ಣ: ಫ್ರಿಜ್ಜಿನಾಗ ರೊಟ್ಟಿ ಇಟ್ಟಾಕಿ ನೀನು.

ಶರಣಮ್ಮ: ನಾ ಇಟ್ಟದ್ದು ಕಪಾಟಿನಾಗ. ಬಣ್ಣ ಒಣಗ್ಯದ ಅಂದ್ರಿ, ರೊಟ್ಟಿ ತುಂಬಿ ತಂಗಿ ಮನಿಗಿ ಹೋದೆ. ಬಂದ ನೋಡ್ತೀನಿ, ಫ್ರಿಜ್ ಆಗಿ ಕುಂತದ.

ಗುರಣ್ಣ: ಮೆಕ್ಯಾನಿಕ್ ಗ್ಯಾಸ್ ತುಂಬಿ ಚಾಲೂ ಮಾಡಿದ. ಖುಷಿಯಾಗ ಒಳಗ ನೋಡಲೇ ಇಲ್ಲ.

ಶರಣಮ್ಮ: ನಾಳಿ ತಂಗಿ ಮಗಳು ಅನುಸೂಯಾನ ಕುಬಸ. ನೂರಾ ಒಂದು ರೊಟ್ಟಿ ತರ್ತೀನಿ ಅಂತ ಹೇಳಿ ಬಂದೀನಿ. ಬಸುರಿ ಹೆಣ್ಣಿನ ಮುಂದ, ಬೀಗರ ಮುಂದ ಇದನ್ನ ಹೆಂಗ ಇಡ್ಲಿ?

ಗುರಣ್ಣ: ಹಂಚಿನ ಮ್ಯಾಲ ಮತ್ತೊಮ್ಮಿ ಕಾಸು.

ಶರಣಮ್ಮ: ಕರ್ರಗಾಗ್ತಾವ. ಬಿಸಲಿಗಿ ಇಡ್ಲಿಕ್ಕ ಈ ಮಳಿ ಬಿಡವಲ್ದು.

ದುಂಡು ಭುಜದ ಆ ಹಳೆಯ ಫ್ರಿಜ್ಜನ್ನು ಸ್ವಾರಗೇಟದ ಹೋಟೆಲಿನ ಗೆಳೆಯ ಸುಂದರ ಎಂಟು ವರ್ಷದ ಹಿಂದೆ ಕೊಟ್ಟಿದ್ದ, ಕೆಟ್ಟ ಸ್ಥಿತಿಯಲ್ಲೇ. ಗುರಣ್ಣ ಈಗ ಒಂದು ವಾರ ರಜೆ ಹಾಕಿ ತುಕ್ಕು ಉಜ್ಜಿ, ಬಾಗಿಲಿಗೆ ಹೊಸ ರಬ್ಬರು ಕೂರಿಸಿ, ಅಗಸಿ ಹೂವಿನ ನೀಲಿ ಬಳಿದಿದ್ದ.

ಗುರಣ್ಣ: ಹದಿನೇಳು ವರ್ಷ ಆತು, ಚಾಕಣದ ಕಾರಖಾನ್ಯಾಗ ಕಾರಿನ ಅಡಿಭಾಗಕ್ಕ ಬಣ್ಣ ಹೊಡೀತೀನಿ. ಕಾರ ಕೊಂಡವನೂ ಬಗ್ಗಿ ನೋಡಂಗಿಲ್ಲ. ಮಂದಿಗಿ ಕಾಣೂಹಂಗ ಹೊಡದದ್ದು ಇದೊಂದೇ. ಸಂಜಿಗಿ ಪ್ರೇಮಕುಮಾರ, ಮನೋಹರ, ನಮ್ಮ ಲೈನಿನವ್ರೆಲ್ಲ ನೋಡ್ಲಿಕ್ಕ ಬರ್ತಾರ.

ಶರಣಮ್ಮ: ಬರ್ಲಿ. ಮೆತ್ತನ್ನ ರೊಟ್ಟಿ ಅವ್ರಿಗೇ ನೀಡ್ತೀನಿ.

ಫ್ರಿಜ್ಜಿನ ಹಿಂದಿನಿಂದ ‘ಕಟಕ್’ ಎಂದು ಸದ್ದಾಯಿತು. ಮೆಕ್ಯಾನಿಕ್ ಗೋಡೆಯಿಂದ ಸರಿಸಿ ಬಿಟ್ಟುಹೋಗಿದ್ದ ಸಂದಿನಲ್ಲಿ ಗುರಣ್ಣನ ತಾಯಿ ಸಾಬವ್ವ ಕಾಲು ಚಾಚಿ ಕೂತಿದ್ದಳು. ಕೈಯಲ್ಲಿ ಅರ್ಧ ರೊಟ್ಟಿ.

ಗುರಣ್ಣ: ಯವ್ವಾ, ಅಲ್ಲೇನ ಮಾಡ್ತಿ?

ಸಾಬವ್ವ: ಮೊಣಕಾಲ ಕಾಸ್ಕೋತ ಕುಂತೀನಿ. ಈ ಹಿಂದಿನ ಜಾಳಗಿ ಭಾಳ ಬೆಚ್ಚಗದ.

ಶರಣಮ್ಮ: ಅತ್ತಿ, ಆ ರೊಟ್ಟಿ ಎಲ್ಲಿಂದು?

ಸಾಬವ್ವ: ಒಳಗಿಂದೇ. ನೀ ಬರೂಕಿಂತ ಮೊದಲ ಹಸಿವಾಗಿ ತಗೊಂಡೆ. ಮೆತ್ತಗಿತ್ತು, ಜಾಳಗಿಗಿ ಆನಿಸಿಟ್ಟೆ. ಈಗ ನೋಡು.

ಶರಣಮ್ಮ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಆಮೇಲೆ ಜಾಲರಿಗೆ ಅಂಗೈ ಇಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ.

ಗುರಣ್ಣ: ಕಂಪ್ರೆಸರ್ ಚಲೋ ಇದ್ರನ ಅಷ್ಟು ಬಿಸಿ ಆಗೂದು. ಒಳಗಿನ ಕಾವೆಲ್ಲ ಹಿಂದ ಬರ್ತದ.

ಶರಣಮ್ಮ: ಖರೇನ ಚಲೋ ಮಾಡೀರಿ.

ಏಳು ದಿನದಲ್ಲಿ ಮೊದಲ ಹೊಗಳಿಕೆ. ಗುರಣ್ಣ ಬಾಗಿಲಿನ ನೀಲಿಯನ್ನು ಅಂಗಿಯ ತೋಳಿನಿಂದ ಮೆಲ್ಲಗೆ ಒರೆಸಿದ.

ಶರಣಮ್ಮ: ಆ ಕಡಿ ಹಿಡೀರಿ. ತಿರುವೂಣು.

ಗುರಣ್ಣ: ಹೆಂಗ ತಿರುವೂದು?

ಶರಣಮ್ಮ: ಬಾಗಲಾ ಗ್ವಾಡಿಗಿ, ಬೆನ್ನು ನಮ್ಮ ಕಡಿಗಿ. ನಾಳಿತನಕ ನೂರಾ ಒಂದೂ ಒಣಗತಾವ.

ಸಾಬವ್ವ: ನಾ ಏಳೂತನಕ ತಡೀರಿ.

ಗುರಣ್ಣ: ಬಾಗಲಾ ಗ್ವಾಡಿಗಿ ಹಚ್ಚಿದ್ರ ತೆರಿಯೂದು ಹೆಂಗ?

ಶರಣಮ್ಮ: ತೆರಿಯೂದು ಯಾಕ? ತಂಪ ಯಾರಿಗಿ ಬೇಕಾಗೇದ ಈ ಮಳ್ಯಾಗ?

ಗುರಣ್ಣ: ಮಂದಿ ಬಣ್ಣಾ ನೋಡ್ಲಿಕ್ಕ ಬರ್ತಾರಲೇ.

ಶರಣಮ್ಮ: ಗ್ವಾಡಿ ಸಂದ್ಯಾಗ ಟಾರ್ಚ್ ಬಿಟ್ಟು ತೋರಸ್ರಿ.

ರೊಟ್ಟಿಗಳೆಲ್ಲ ಹೊರಗೆ ಬಂದವು. ಫ್ರಿಜ್ ತಿರುಗಿತು. ಅಗಸಿ ನೀಲಿ ಗೋಡೆಗೆ ಮುಖ ಕೊಟ್ಟು ನಿಂತಿತು. ಕಪ್ಪು ಜಾಲರಿಯ ತುಂಬ ರೊಟ್ಟಿ ಆನಿಸುತ್ತಿದ್ದ ಹೆಂಡತಿಯನ್ನು ಗುರಣ್ಣ ನೋಡುತ್ತಾ ನಿಂತ. ಆಮೇಲೆ ಕೊಡೆ ತೆಗೆದುಕೊಂಡು ಚಪ್ಪಲಿ ಮೆಟ್ಟಿದ.

ಶರಣಮ್ಮ: ಎಲ್ಲಿಗಿ ಹೊಂಟ್ರಿ?

ಗುರಣ್ಣ: ಅಂಗಡಿಗಿ. ಇನ್ನೊಂದ ಡಬ್ಬಿ ನೀಲಿ ತರ್ತೀನಿ. ಅವ್ರು ಬರೂದ್ರಾಗ ಬೆನ್ನಿಗೂ ಒಂದ ಕೈ ಹೊಡದಬಿಡ್ತೀನಿ.

ಶರಣಮ್ಮ: ರೊಟ್ಟಿ ಹಚ್ಚೀನಲ್ರಿ ಅದಕ್ಕ.

ಗುರಣ್ಣ: (ಮೆಟ್ಟಿಲು ಇಳಿಯುತ್ತಾ) ರೊಟ್ಟಿ ಬಿಟ್ಟು ಸುತ್ತಮುತ್ತ ಹೊಡೀತೀನಿ, ಒಂದ ಹನಿನೂ ತಾಕಂಗಿಲ್ಲ, ನೀ ಬೇಕಾದ್ರ ಅವುಗಳ ಮ್ಯಾಲ ಒಂದ ಪೇಪರ—