ಸಪ್ಪಳವಿಲ್ಲದ ಶಟರು

ನಾನು ಓದಿದ್ದು ನಾಲ್ಕನೆಯ ಇಯತ್ತೆ. ಆದರೆ ಶಟರಿನ ವಿಷಯದಲ್ಲಿ ನನಗೊಂದು ಡಾಕ್ಟರೇಟ್ ಕೊಡಬೇಕು. (ಯಾರೂ ಕೊಟ್ಟಿಲ್ಲ. ನಾನೂ ಅರ್ಜಿ ಹಾಕಿಲ್ಲ.) ಹುಬ್ಬಳ್ಳಿಯ ಪೇಟೆಯಲ್ಲಿ ನನ್ನ ಕಾಳುಕಡಿ ಅಂಗಡಿಯ ಕಬ್ಬಿಣದ ಶಟರನ್ನು ನಲವತ್ತೊಂದು ವರ್ಷ ಮುಂಜಾನೆ ಎತ್ತಿದ್ದೇನೆ, ಸಂಜೆ ಇಳಿಸಿದ್ದೇನೆ. ಎತ್ತುವುದೆಂದರೆ ಬರೀ ತೋಳಿನ ಕೆಲಸವಲ್ಲ. ಮೊದಲು ಹೊಸ್ತಿಲು ಮುಟ್ಟಿ ನಮಸ್ಕಾರ, ಆಮೇಲೆ ಕೀಲಿ, ಆಮೇಲೆ ಎಡಗಾಲಿನಿಂದ ಒಂದು ಸಣ್ಣ ಒದೆತ. ಕೊನೆಗೆ ಬಲಭುಜ ಕೊಟ್ಟು "ಹರ ಹರ ಮಹಾದೇವ!" ಎಂದರೆ, ಓಣಿಗೆಲ್ಲ ಬೆಳಗಾಯಿತೆಂದು ಡಂಗುರ ಸಾರುತ್ತ ಶಟರು ಮೇಲೇರುತ್ತಿತ್ತು.

ಅಂಗಡಿಯ ಹಿಂದೆಯೇ ಮನೆ. ಸಂಜೆ ಶಟರು ಘರ್ರ್... ಧಡ್ ಎಂದು ನೆಲ ಮುಟ್ಟಿದ ಸಪ್ಪಳ ಕೇಳಿದ ಕೂಡಲೇ ನನ್ನ ಹೆಂಡತಿ ಮುರಿಗೆವ್ವ ಹಂಚಿನ ಮೇಲೆ ರೊಟ್ಟಿ ಹಾಕುತ್ತಿದ್ದಳು. ನಾನು ಕೈಕಾಲು ತೊಳೆದು ಮಣೆಯ ಮೇಲೆ ಕೂಡುವುದಕ್ಕೂ, ಉಬ್ಬಿದ ರೊಟ್ಟಿ ತಾಟಿಗೆ ಬೀಳುವುದಕ್ಕೂ ಸರಿಹೋಗುತ್ತಿತ್ತು.

ಈಗ ಅಂಗಡಿ ಮಗ ಬಸವಪ್ರಭುವಿನದು. ಎಲ್ಲರೂ ಕೇಶ್ವಾಪುರದ ಹೊಸ ಮನೆಗೆ ಬಂದು ಎರಡು ವರ್ಷವಾಯಿತು. ಇಲ್ಲಿ ನಾನು ತೆಗೆಯುವಂಥದ್ದು ಏನೂ ಇಲ್ಲ. ಹಾಲಿನ ಪಾಕೀಟನ್ನೂ ಸೊಸೆಯೇ ಕತ್ತರಿಸುತ್ತಾಳೆ. ಹೀಗಿರುವಾಗ ಪಡುವಣ ಬಿಸಿಲು ಪಡಸಾಲೆಗೆ ನುಗ್ಗಿ ಮುಂಬಾಗಿಲಿನ ಪಾಲಿಶ್ ಸುಲಿಯತೊಡಗಿತು. ಏನಾದರೂ ಮರೆ ಬೇಕೆಂದು ಮನೆಯಲ್ಲಿ ಮಾತು ಎದ್ದಿತು.

"ಗರಗದಿಂದ ದಪ್ಪ ಖಾದಿ ತಂದು ಪರದೆ ಹೊಲಿಸೂಣು," ಎಂದಳು ಮುರಿಗೆವ್ವ.

"ಆಟೋಮ್ಯಾಟಿಕ್ ಶಟರ್ ಹಾಕಸೂಣು," ಎಂದೆ ನಾನು. ಮುದಿ ಎತ್ತಿಗೆ ಗಾಣದ ದಾರಿಯೇ ಕನಸು.

ಅವತ್ತೇ ಇಬ್ಬರೂ ಫರಾಜನ ಅಂಗಡಿಗೆ ಹೋದೆವು. ಫರಾಜ ನನ್ನ ಗೆಳೆಯ ಗುಲಾಬಸಾಬನ ಮಗ. ಗುಲಾಬಸಾಬ ನನ್ನ ಹಳೆಯ ಶಟರಿಗೆ ವರ್ಷಕ್ಕೊಮ್ಮೆ ಗ್ರೀಸು ಬಳಿದು, ಸ್ಪ್ರಿಂಗು ಬಿಗಿದು, ಎರಡು ಕಪ್ಪು ಚಹಾ ಕುಡಿದು ಹೋಗುತ್ತಿದ್ದ. ಮಗನ ಕೈಗೆ ಗ್ರೀಸೇ ಅಂಟುವುದಿಲ್ಲ. ಎಲ್ಲ ಮೋಟರು.

ಫರಾಜ ಶಟರಿನ ಬಣ್ಣಬಣ್ಣದ ತಗಡಿನ ಪಟ್ಟಿ ಹರವಿದ. ನಾನು ಗಡಿಗೆ ಕೊಳ್ಳುವವನ ಹಾಗೆ ಬೆರಳು ಮಡಚಿ ಒಂದೊಂದನ್ನೇ ಬಾರಿಸಿ ನೋಡಿದೆ.

"ಇದು ಸ್ವಿಚ್ಚಿಂದು, ಕಾಕಾ. ಇದು ರಿಮೋಟಿಂದು. ಇದಕ್ಕ ಗ್ವಾಡಿ ಮ್ಯಾಲ ಒಂದು ಕಣ್ಣಿರತೈತಿ. ಬೆಳಕಾದ್ರ ತಾನ ಏರತೈತಿ, ಕತ್ತಲಾದ್ರ ತಾನ ಇಳೀತೈತಿ. ಒಂಚೂರೂ ಸಪ್ಪಳಿಲ್ಲ."

"ಕಣ್ಣಿಂದ ಇರಲಿ."

"ಜೋಡಿ ಒಂದು ಸ್ವಿಚ್ಚು, ಕೈಲೆ ತಿರುವೂ ಹ್ಯಾಂಡಲ್ಲು ಇಟ್ಕೋರಿ ಕಾಕಾ."

"ತಾನ ಏರತೈತಿ ಅಂತಿ, ಮತ್ತ ಕೈ ಯಾಕೋ? ನಲವತ್ತೊಂದು ವರ್ಷ ಕೈಲೇನ ಮಾಡೇನಿ. ಸಾಕು."

ಮುರಿಗೆವ್ವ ಒಂದೇ ಮಾತು ಕೇಳಿದಳು. "ಕೆಟ್ಟು ನಿಂತ್ರ?"

"ನಾ ಆರಿಸಿದ್ದು ಎಂದರ ಕೆಟ್ಟೈತೇನು?"

"ಮಿಕ್ಸರ್ ಆರಿಸಿದ್ರಿ, ಕೆಟ್ಟಿತು. ಫ್ಯಾನ್ ಆರಿಸಿದ್ರಿ, ಕೆಟ್ಟಿತು. ನೀವು ಆರಿಸಿದ್ದರಾಗ ಕೆಡಲಾರದ ಉಳದಾಕಿ ನಾ ಒಬ್ಬಾಕಿನ."

ಫರಾಜ ಪಟ್ಟಿಗಳ ಹಿಂದೆ ಮುಖ ಮರೆಸಿಕೊಂಡ. ನನಗೆ ಮೈ ಉರಿಯಿತು. "ಇದು ಒಮ್ಮಿ ಕೈ ಕೊಟ್ರ, ಇನ್ನ ಮ್ಯಾಲ ಮನೀ ಖರೀದಿಯೊಳಗ ನಾ ಬಾಯಿ ಹಾಕಂಗಿಲ್ಲ. ನಿನ್ನ ಪರದೇನ ಇಳಿಬಿಡು!"

"ಫರಾಜಾ, ನೀ ಸಾಕ್ಷಿ," ಎಂದಳು.

ಶಟರು ಬಂದು ಕೂತಿತು. ಬರುವ ಅಮಾವಾಸ್ಯೆಗೆ ಅದರ ಪೂಜೆ ಇಟ್ಟುಕೊಂಡೆ. (ವ್ಯಾಪಾರಸ್ಥನ ಪೂಜೆಗೆ ಅಮಾವಾಸ್ಯೆಯಂಥ ದಿನವಿಲ್ಲ.) ಪೇಟೆಯ ಹಳೆಯ ಮಂದಿ, ಓಣಿಯವರು, ಗುಲಾಬಸಾಬ, ಫರಾಜ ಎಲ್ಲರೂ ಮುಂಜಾನೆಯೇ ಅಂಗಳದಲ್ಲಿ ನೆರೆದರು. ಒಳಗಿನಿಂದ ಶಿರಾದ ಘಮ ಬರುತ್ತಿತ್ತು. ಕಾಯಿ ಒಡೆದೆ, ಚೆಂಡುಹೂವಿನ ಮಾಲೆ ಏರಿಸಿದೆ. ಆಮೇಲೆ ವಿಭೂತಿ. ಅಂಗಡಿಯಲ್ಲಿ ತಕ್ಕಡಿಗೆ, ಗಲ್ಲಾಪೆಟ್ಟಿಗೆಗೆ, ಶಟರಿಗೆ ಮೂರು ಬೆರಳು ಎಳೆಯದೆ ಒಂದು ಕಾಳನ್ನೂ ತೂಗಿದವನಲ್ಲ ನಾನು. ಇಲ್ಲಿಯೂ ಎರಡು ಕಡೆಯ ಕಂಬಿಗೆ ಎಳೆದೆ, ಮೋಟರಿನ ಪೆಟ್ಟಿಗೆಗೆ ಎಳೆದೆ. ಹೊರಗೋಡೆಯ ಮೇಲಿನ ಆ ಗುಂಡನೆಯ ಗಾಜಿನ ಕಣ್ಣು ಮಾತ್ರ ಬೋಳಾಗಿ ನನ್ನನ್ನೇ ನೋಡುತ್ತಿತ್ತು. ದುಡಿಯುವವನನ್ನೇ ಬಿಟ್ಟು ಉಳಿದವರಿಗೆಲ್ಲ ಪ್ರಸಾದ ಹಂಚಿದರೆ ಶಿವ ಮೆಚ್ಚುವನೇ? ವಿಭೂತಿಯನ್ನು ನೀರಲ್ಲಿ ಕಲಸಿ ದಪ್ಪನೆಯ ಮೂರು ಪಟ್ಟೆ ಬಳಿದೆ. ನಡುವೆ ಕುಂಕುಮದ ಬೊಟ್ಟನ್ನೂ ಒತ್ತಿದೆ. ಕಳೆ ಬಂತು.

ಆಮೇಲೆ ಯಜಮಾನನ ಗತ್ತಿನಲ್ಲಿ ಹೊಸ್ತಿಲು ದಾಟಿ ಒಳಗೆ ಹೋಗಿ, ಮಂದಿಯ ಕಡೆ ತಿರುಗಿ ಕೈಮುಗಿದು, "ಬರ್ರಿ, ಎಲ್ಲಾರೂ ಒಳಗ ಬರ್ರಿ," ಎಂದೆ. ಎನ್ನುತ್ತಿದ್ದಂತೆಯೇ ಶಟರು ಒಂಚೂರೂ ಸಪ್ಪಳಿಲ್ಲದೆ ನನ್ನ ಮೂಗಿನ ಮುಂದೆ ಇಳಿದು ನೆಲ ಮುಟ್ಟಿತು.

ಹೊರಗಿನಿಂದ ಮುರಿಗೆವ್ವಳ ದನಿ ಬಂತು.

"ಏನ್ರಿ, ಬರ್ರಿ ಅಂದು ಬಾಗಲಾ ಹಾಕ್ಕೊಂಡ್ರೆಲ್ಲ!"

"ನಾ ಹಾಕಿಲ್ಲ! ತಾನ ಹಾಕ್ಕೊಂಡೈತಿ!"

"ಹಿತ್ತಲ ಬಾಗಲದಿಂದ ಹೊರಗ ಬರ್ರಿ ಹಂಗಾದ್ರ."

"ಪೂಜಿ ಮಾಡಿದ ಯಜಮಾನ ಹಿತ್ತಲದಿಂದ ಬರೂದ? ನಾ ಬರಂಗಿಲ್ಲ!"

"ಕುಂದರ್ರಿ ಅಲ್ಲೇ. ಬರ್ರಿ ಎಲ್ಲಾರೂ, ಈ ಕಡಿಂದ ಬರ್ರಿ. ಶಿರಾ ಆರತೈತಿ."

ಪೇಟೆಯ ಘನಂದಾರಿ ಹಿರಿಯರೆಲ್ಲ ಬಟ್ಟೆ ಒಗೆಯುವ ಕಲ್ಲು ದಾಟಿ, ಒಣಹಾಕಿದ ನನ್ನ ಪಟ್ಟಾಪಟ್ಟಿ ಚಡ್ಡಿಗಳ ಕೆಳಗೆ ತಲೆ ಬಗ್ಗಿಸಿ, ಅಡುಗೆಮನೆಗೆ ಹೋಗಿ ಶಿರಾ ತಿಂದರು. ನಾನು ಪಡಸಾಲೆಯ ಕತ್ತಲಲ್ಲಿ ಶಟರಿಗೆ ಕಿವಿ ಹಚ್ಚಿ ನಿಂತೆ. ಶರತ್ತು ಸೋತರೆ ಇನ್ನು ಮೇಲೆ ಈ ಮನೆಯಲ್ಲಿ ನನ್ನ ಮಾತಿಗೆ ಕಾಳಿನ ಹೊಟ್ಟಿನ ಬೆಲೆಯೂ ಇಲ್ಲ. ಹೊರಗೆ ಫರಾಜ, "ಕರೆಂಟ್ ಐತಿ, ಮೋಟರ್ ಛಲೋ ಐತಿ... ಕಾಕೂ, ಇಲ್ಲಿ ನೋಡ್ರಿ!" ಎಂದದ್ದು ಕೇಳಿಸಿತು. ಆಮೇಲೆ ಗುಸುಗುಸು. ಗುಲಾಬಸಾಬನ ಒಂದು ಕೆಮ್ಮು. ಆಮೇಲೆ ಮುರಿಗೆವ್ವ, ಹಿಂದೆಂದೂ ಕೇಳದಷ್ಟು ಸಿಹಿಯಾಗಿ:

"ಏನ್ರಿ, ಹಳೀ ಅಂಗಡ್ಯಾಗ ಭುಜಾ ಕೊಡತಿದ್ರೆಲ್ಲ, ಹಂಗ ಒಮ್ಮಿ ಕೊಟ್ಟು ನೋಡ್ರಿ."

ಎಪ್ಪತ್ತೆರಡರ ಭುಜಕ್ಕೆ ಮೂವತ್ತರ ಹುರುಪು ಬಂತು. ಹೊಸ್ತಿಲು ಮುಟ್ಟಿದೆ. ಎಡಗಾಲಿನಿಂದ ಒದ್ದೆ. ಬಲಭುಜ ಆನಿಸಿ ಗಂಟಲು ಹರಿಯುವಂತೆ "ಹರ ಹರ ಮಹಾದೇವ!" ಎಂದೆ. ಏರಿತು! ಅರಳೆಯ ಹಾಗೆ ಹಗುರವಾಗಿ ಏರಿತು! ಶಿರಾ ತಿಂದು ಮುಂದಕ್ಕೆ ಬರುತ್ತಿದ್ದ ಮಂದಿ ಚಪ್ಪಾಳೆ ತಟ್ಟಿದರು. "ಮೋಟರಿಗಿಂತ ಚನ್ನಯ್ಯಾರ ಭುಜಾನ ಗಟ್ಟಿ!" ಎಂದ ಒಬ್ಬ. ನಾನು ಮೀಸೆ ತಿರುವಿದೆ. ಗುಲಾಬಸಾಬ ಮಾತ್ರ ಗೋಡೆಯ ಕಡೆ ಮುಖ ಮಾಡಿ ಮೈಯೆಲ್ಲ ಕುಲುಕಾಡಿಸುತ್ತ ನಿಂತಿದ್ದ. ಹಳೆಯದೆಲ್ಲ ನೆನಪಾಗಿ ಅಳು ಬಂದಿರಬೇಕು ಪಾಪ, ಎಂದುಕೊಂಡೆ.

ಎಲ್ಲರೂ ಹೋದ ಮೇಲೆ ಮುರಿಗೆವ್ವ ತನ್ನ ಸೆರಗಿನ ತುದಿಯನ್ನು ನನ್ನ ಮುಂದೆ ಹಿಡಿದಳು. ಬೆಳ್ಳಗೆ ವಿಭೂತಿ. ನಡುವೆ ಕೆಂಪು ಬೊಟ್ಟು.

"ನೀವು ಮಹಾದೇವಾ ಅಂದಾಗ ನಾ ಕಣ್ಣು ಒರಸಿದ್ನಿ. ಕುರ್ಡ ಮಾಡಿ ಇಟ್ಟಿದ್ರಿ ಅದನ್ನ. ಮಂದಿ ಮುಂದ ನಿಮ್ಮ ಮರ್ಯಾದಿ ಯಾಕ ತಗೀಲಿ ಅಂತ ಸುಮ್ಮನಾದ್ನಿ. ಈಗ ಹೇಳಲೇನು ಎಲ್ಲಾರಿಗೂ?"

ನಾನು, "ಗರಗಕ್ಕ ಎಂದ ಹೋಗೂಣು?" ಎಂದೆ.

ಪರದೆ ಬಂತು. ಶಟರನ್ನೂ ತೆಗೆಸಲಿಲ್ಲ. ಅದು ಪರದೆಯ ಮುಂದೆ ಹೊತ್ತಿಗೆ ಸರಿಯಾಗಿ ಏರಿಳಿಯುತ್ತದೆ. ಆ ಕಣ್ಣಿನ ಮೂರು ಮೊಳದೊಳಗೆ ನಾನು ಹೋಗುವಂತಿಲ್ಲ. ಆದರೆ ವಾರ ಕಳೆಯುವಷ್ಟರಲ್ಲಿ ಮುರಿಗೆವ್ವಳಿಗೇ ಒಂದು ತಕರಾರು ಹುಟ್ಟಿತು.

"ಇದು ಇಳದದ್ದು ಅಡಗಿಮನಿಗೆ ಗೊತ್ತಾಗವಲ್ದು. ರೊಟ್ಟಿ ಯಾವಾಗ ಹಾಕಲಿ ನಾ?"

"ಗಡಿಯಾರ ನೋಡಿ ಹಾಕು."

"ನಲವತ್ತೊಂದು ವರ್ಷ ಗಡಿಯಾರ ನೋಡಿ ಹಾಕೇನೇನು?"

ಈಗ ಸಂಜೆ ಶಟರು ಇಳಿಯತೊಡಗಿದ ಕೂಡಲೇ ನಾನು ಎದ್ದು ಹೋಗಿ ಅದರ ಪಕ್ಕಕ್ಕೆ ನಿಲ್ಲುತ್ತೇನೆ. ಹಳೆಯ ಅಂಗಡಿಯಿಂದ ತಂದ ಕಬ್ಬಿಣದ ಕೊಂಡಿಯನ್ನು ಖಾಲಿ ಎಣ್ಣೆ ಡಬ್ಬಿಯ ಮೇಲೆ ಘರ್ರ್... ಎಂದು ಎಳೆದು, ಕೊನೆಗೆ ಒಂದು ಏಟು ಹಾಕುತ್ತೇನೆ: ಧಡ್. ಫರಾಜ ಒಮ್ಮೆ ಇದನ್ನು ಕಂಡು, "ಸಪ್ಪಳ ಮಾಡೂ ಮಷೀನೂ ಐತಿ ಕಾಕಾ, ಕೂಡಸಲೇನು?" ಎಂದ. ಇದ್ದ ಒಂದು ನೌಕರಿಗೂ ಕಲ್ಲು ಹಾಕಬೇಡವೆಂದು ಕೈಮುಗಿದೆ.

ಧಡ್ ಎಂದ ಕೂಡಲೇ ಒಳಗೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತದೆ. ನಾನು ಕೈಕಾಲು ತೊಳೆಯಲು ಹೋಗುತ್ತೇನೆ.

ಡಬ್ಬಿಗೆ ಮಾತ್ರ ಪ್ರತಿ ಅಮಾವಾಸ್ಯೆ ಮೂರು ಬೆರಳು ವಿಭೂತಿ ಎಳೆಯಲು ನನಗೆ ಪರವಾನಗಿ ಇದೆ.