ಬೊಂಬೆಗೆ ಹಾಜರಿ, ಶಾಮಲಮ್ಮನಿಗೆ ಗೈರು

ಮಾಲೂರು, ಮೇ 2008

ಚಿತ್ರ ನೋಡಿ ಮುಖ ಗುರುತಿಸುವ ವಿದ್ಯೆಯನ್ನು ಕಂಪ್ಯೂಟರಿಗೆ ಧಾರೆಯೆರೆಯುವ, ಇಂಟರ್‌ನೆಟ್ಟಿನಲ್ಲಿ ಪುಕ್ಕಟೆಯಾಗಿ ಸಿಗುವ ಸಾಫ್ಟ್‌ವೇರ್ ಲೈಬ್ರರಿಯವರ ಸನ್ನಿಧಾನಕ್ಕೆ,

ಮಾನ್ಯರೇ,

ಇಟ್ಟಿಗೆ ಗೂಡಿನ ಹೊಗೆಯ ನಡುವೆಯೂ ನಾವು ಕ್ಷೇಮ. ತಾವಂತೂ ಕ್ಷೇಮವಾಗಿಯೇ ಇರುತ್ತೀರಿ. ಕೆಟ್ಟಿರುವುದೆಲ್ಲ ನನ್ನ ಪ್ರೋಗ್ರಾಮೇ ಎಂದು ತಮ್ಮ ಭಕ್ತರು ಇಂಟರ್‌ನೆಟ್ಟಿನಲ್ಲಿ ಈಗಾಗಲೇ ತಿಳಿಸಿದ್ದಾರೆ.

ಆಳುಗಳ ಹಾಜರಿಯನ್ನು ಕ್ಯಾಮೆರಾದಿಂದಲೇ ಹಾಕಿಸಬೇಕೆಂದು ಗೂಡಿನ ಮಾಲೀಕರಾದ ಕೋದಂಡರಾಮಪ್ಪನವರು ಹೇಳಿದಾಗ, ತಮ್ಮನ್ನು ನಂಬಿ ಹೂಂ ಎಂದವನು ನಾನೇ. ಮೊದಲ ದಿನ ಕೆಂಪು ಇಟ್ಟಿಗೆಯನ್ನು ನೀಲಿಯಾಗಿ ತೋರಿಸಿದಿರಿ. ಏಕೆಂದು ಕೇಳಿದರೆ, ಲೋಕವೆಲ್ಲ ಕೆಂಪಿನಿಂದ ಬಣ್ಣ ಎಣಿಸುವಾಗ ತಾವು ನೀಲಿಯಿಂದ ಎಣಿಸುವ ಸಂಪ್ರದಾಯದವರಂತೆ. ಮರುದಿನ ಚಿತ್ರದ ಬದಲು ಬರೀ ಬೂದು ಕಿಟಕಿ; ಚಿತ್ರ ತೋರಿಸು ಎಂದರೆ ಸಾಲದು, ಒಂದು ಗಳಿಗೆ ಕಾಯು ಎಂದೂ ಬೇರೆಯಾಗಿ ಬರೆಯಬೇಕಂತೆ. ದೊಡ್ಡವರ ಆಚಾರವೆಂದು ಅದನ್ನೂ ಬರೆದೆ.

ಆದರೆ ಹತ್ತೊಂಬತ್ತು ವರ್ಷದಿಂದ ಇಲ್ಲಿ ಇಟ್ಟಿಗೆ ಹೊರುವ ಶಾಮಲಮ್ಮನವರು, ತಲೆಗೆ ಸಿಂಬಿ ಇಟ್ಟು, ಹಣೆತನಕ ಸೆರಗು ಸುತ್ತಿ, ಕೆಂಧೂಳಿನ ಮುಖದಲ್ಲಿ ತಮ್ಮೆದುರು ನಿಂತರೆ ‘ಮುಖವಿಲ್ಲ’ ಎಂದಿರಿ. ಹೊಸ ಕ್ಯಾಮೆರಾದ ಮೇಲೆ ಯಾರ ಕಣ್ಣೂ ಬೀಳದಿರಲೆಂದು ಮಾಲೀಕರು ಎದುರಿನ ಕಂಬಕ್ಕೆ ಕಟ್ಟಿಸಿದ ಕೋರೆಹಲ್ಲಿನ ದೃಷ್ಟಿಬೊಂಬೆಯನ್ನು ಮಾತ್ರ ಮೇಸ್ತ್ರಿ ಮುನಿರಾಮಪ್ಪನವರೆಂದು ಗುರುತಿಸಿ, ಭಾನುವಾರವೂ ಹಾಜರಿ ಹಾಕಿದಿರಿ. ಮೇಸ್ತ್ರಿಯವರು ತಮ್ಮ ಮೇಲೆ ಯಾವ ದೂರನ್ನೂ ಹೇಳುತ್ತಿಲ್ಲ.

ನಾಲ್ಕು ದಿನ ಗೈರಾದರೆ ಪಟ್ಟಿಯಿಂದ ಹೆಸರು ಹೊಡೆಯುವುದು ಇಲ್ಲಿನ ಕಟ್ಟಳೆ. ಗೈರಿನ ಮೂರನೆಯ ದಿನ ಮಾಲೀಕರು ಶಾಮಲಮ್ಮನವರ ಎದುರಿಗೇ ನಿಂತು, ಕಂಪ್ಯೂಟರ್ ನೋಡಿಕೊಂಡು, ನೀನು ಬಂದಿಲ್ಲ ಎಂದರು. “ಆ ಬೊಂಬೆ ಬಂದು ಇಟ್ಗೆ ಹೊರ್ತದೇನ್ ಸಾಮೀ?” ಎಂದು ಶಾಮಲಮ್ಮನವರು ಕೇಳಿದರು. ನನಗೆ ನಾಚಿಕೆಯಾಯಿತು. ತಮ್ಮ ಯಾವ ಆವೃತ್ತಿಯಲ್ಲಿ ನಾಚಿಕೆ ಸೇರಿದೆ ಎಂದು ದಯಮಾಡಿ ತಿಳಿಸಬೇಕು.

ತಮ್ಮ ಭಕ್ತರು ಬೆಳಕು ಸಾಲದು ಎನ್ನುತ್ತಾರೆ. ಮೇ ತಿಂಗಳ ಮಾಲೂರಿನಲ್ಲಿ! ಬೊಂಬೆ ಬಿಚ್ಚೋಣವೆಂದರೆ ಮಾಲೀಕರು ಒಪ್ಪುವುದಿಲ್ಲ. ಆದ್ದರಿಂದ ತಾವೇ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಬಂದಿಳಿದು, ಹನ್ನೆರಡು ಇಟ್ಟಿಗೆ ಹೊತ್ತು ಗೂಡು ಹತ್ತಿ, ಆಮೇಲೂ ತಮ್ಮ ಮುಖ ತಮಗೇ ಗುರುತು ಸಿಗುತ್ತದೆಯೇ ಎಂದು ಪರೀಕ್ಷಿಸಬೇಕಾಗಿ ವಿನಂತಿ.

ತಮ್ಮನ್ನು ಇನ್ನೂ ಕಂಪ್ಯೂಟರಿನಿಂದ ಅಳಿಸಿಹಾಕದ,
ತಮ್ಮ ವಿಶ್ವಾಸಿ,
ಕದಿರೇಶ, ಪ್ರೋಗ್ರಾಮರ್

ಮ.ಬ.: ನಾಲ್ಕನೆಯ ದಿನವಾದ ಇಂದು ಶಾಮಲಮ್ಮನವರು ಕಣ್ಣಿಗೆ ಮಸಿ ಬಳಿದು, ಗುಡ್ಡೆ ಅರಳಿಸಿ, ಬೊಂಬೆಯಂತೆ ನಾಲಗೆ ಚಾಚಿ ನಿಂತರು. ತಕ್ಷಣ ಅವರ ಹೆಸರಿಗೇ ಹಾಜರಿ ಕೊಟ್ಟಿರಿ, ಹೆಸರು ಉಳಿಯಿತು. ಇನ್ನು ದಿನವೂ ಹಾಗೆಯೇ ನಿಲ್ಲುತ್ತಾರಂತೆ. ಕ್ಯಾಮೆರಾದ ಹಿಂದೆಯೇ ಕುರ್ಚಿ ಹಾಕಿ ಕೂರುವ ಮಾಲೀಕರು, ಆ ನಾಲಗೆ ಚಾಚುವುದು ಕ್ಯಾಮೆರಾಕ್ಕೆಂದೇ ನಂಬಿದ್ದಾರೆ. ನಾನು ತಿದ್ದಲು ಹೋಗಿಲ್ಲ.