ನಾಳಿದ್ದಿನ ಕೋಟು

ಕೋಗಿಲಿನ ರಾಮಕೃಷ್ಣಪ್ಪನವರ ಹೊಸ ಸ್ಕೂಟರಿನ ಕವರ್ ಕಾಣೆಯಾದದ್ದು ೨೦೧೭ರ ಒಂದು ಭಾನುವಾರ ಬೆಳಿಗ್ಗೆ, ಕಾಫಿಗೂ ಮುಂಚೆ. ಬೆಳ್ಳಿ ಬಣ್ಣದ, ಫಳಫಳ ಹೊಳೆಯುವ ಕವರ್. ಸ್ಕೂಟರ್ ಕೊಂಡ ಎರಡು ತಿಂಗಳಲ್ಲಿ ಅವರು ಅದನ್ನು ಓಡಿಸಿದ್ದಕ್ಕಿಂತ ಹೊದಿಸಿ ನೋಡಿ ಸಂತೋಷಪಟ್ಟದ್ದೇ ಹೆಚ್ಚು.

"ಲಕ್ಷ್ಮೀ, ಕಳ್ಳ ಬಂದಿದ್ದ ಕಣೇ! ಸ್ಕೂಟರ್ ಬಿಟ್ಟು ಬರೀ ಕವರ್ ಹೊತ್ಕೊಂಡು ಹೋಗಿದಾನೆ!"

ಒಳಗೆ ಹೆಂಡತಿ ಧನಲಕ್ಷ್ಮಿಯ ಹೊಲಿಗೆ ಮಿಷನ್ನಿನ ಸದ್ದು ನಿಂತಿತು. "ಕಳ್ಳ ಅಲ್ಲ ಕಣ್ರೀ, ಕಳ್ಳಿ. ನಾನೇ ಕತ್ತರಿಸಿದೀನಿ. ಕೂಗ್ಬೇಡಿ, ಅಳತೆ ತಪ್ಪೋಗುತ್ತೆ."

ರಾಮಕೃಷ್ಣಪ್ಪನವರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ಸೂಪರ್‌ವೈಸರ್. ಅವರ ಸಹಿ ಇಲ್ಲದೆ ಅಲ್ಲಿ ಒಂದು ಬೋಲ್ಟೂ ಅಲುಗಾಡುವಂತಿಲ್ಲ. ಅಂಥವರ ಮನೆಯಲ್ಲೇ ಇಂಥ ಅರಾಜಕತೆ! ಜಗಳವಾಡಿಯೇ ಬಿಡಬೇಕೆಂದು ಲುಂಗಿ ಬಿಗಿದು ಕಟ್ಟಿಕೊಂಡು ನಡುಮನೆಗೆ ನುಗ್ಗಿದರು. ನುಗ್ಗಿದರೆ ಅಲ್ಲಿ ಜಗಳಕ್ಕೆ ನಿಲ್ಲಲೂ ಜಾಗವಿರಲಿಲ್ಲ. ನೆಲದ ತುಂಬಾ ಬಣ್ಣಬಣ್ಣದ ಚಿತ್ರಗಳು. ಚಿತ್ರಗಳ ಮಧ್ಯೆ ಮಗಳು ಹರ್ಷಿತಾ, ಅತ್ತು ಮುಗಿಸಿದ ಮುಖ ಹೊತ್ತು ಕೂತಿದ್ದಳು.

ಹರ್ಷಿತಾ ಅವರ ಒಬ್ಬಳೇ ಮಗಳು. ರಾಜಾನುಕುಂಟೆಯ ಆಚೆ ಒಂದು ಕಾಲೇಜಿನಲ್ಲಿ ಫ್ಯಾಷನ್ ಡಿಸೈನಿನ ಕೊನೆಯ ವರ್ಷ. (ಅಲ್ಲಿ ಏನು ಕಲಿಸುತ್ತಾರೆಂದು ರಾಮಕೃಷ್ಣಪ್ಪನವರು ಮೂರು ವರ್ಷದಿಂದ ಕೇಳಬೇಕೆಂದಿದ್ದರು. ಧೈರ್ಯ ಬಂದಿರಲಿಲ್ಲ.) ಕೊನೆಯ ಪರೀಕ್ಷೆಗೆ ಅವಳು ಸ್ವಂತದ್ದೊಂದು ಬಟ್ಟೆ ಬ್ರಾಂಡನ್ನೇ ಕಟ್ಟಬೇಕಿತ್ತು. ಅದಕ್ಕೊಂದು ಹೆಸರು, ನಾಲ್ಕು ಉಡುಪು, ಆಮೇಲೆ ತೀರ್ಪುಗಾರರ ಮುಂದೆ ಪ್ರದರ್ಶನ.

ರಾಮಕೃಷ್ಣಪ್ಪನವರು ಒಂದು ಚಿತ್ರ ಎತ್ತಿಕೊಂಡರು. ಮಳೆಯಲ್ಲಿ ನೆಂದ ಯಾವುದೋ ಮಹಾನಗರ, ಮುಗಿಲಿಗೆ ಮುಟ್ಟುವ ಬಣ್ಣದ ದೀಪಗಳು. ಬೀದಿಯಲ್ಲಿ ಕರೀ ಕೋಟಿನ ಜನ. ಭುಜದಿಂದ ಮೊಣಕಾಲಿನವರೆಗೆ ಪಟ್ಟಿಗಳು, ತೋಳಿನ ಮೇಲೆ ಹರಿಯುವ ನೀಲಿ ಬೆಳಕು, ಬಾಯಿಗೆ ಮುಸುಕು, ಒಬ್ಬೊಬ್ಬರಿಗೂ ಹದಿನೆಂಟು ಜೇಬು. ಕವರಿನ ದುಃಖ ಅವರಿಗೆ ಅರ್ಧ ಮರೆತೇಹೋಯಿತು.

"ಇವ್ರೆಲ್ಲ ಯಾವ ಡಿಪಾರ್ಟ್‌ಮೆಂಟ್ನೋರಮ್ಮ?"

"ಡಿಪಾರ್ಟ್‌ಮೆಂಟ್ ಅಲ್ಲಪ್ಪ, ಸೈಬರ್‌ಪಂಕ್ ಅಂತ. ಮುಂದಿನ ಕಾಲ ಹೇಗಿರುತ್ತೋ ಆ ಥರ ಈಗ್ಲೇ ಬಟ್ಟೆ ಹಾಕ್ಕೊಂಡು ಓಡಾಡೋ ಜನ. ಒಂದು ಪಂಗಡ ಇದ್ದಂಗೆ."

"ಪಂಕ ಅಂದ್ರೆ ಕೆಸರು ಕಣಮ್ಮ."

ಮೂಲೆಯಲ್ಲಿ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದ ಅವರ ತಾಯಿ ಮುನಿಗಂಗಮ್ಮ ತಲೆಯೆತ್ತಿದರು. "ಏನ್ಲಾ, ಪಂಚರ್ ಆಯ್ತಾ ವಸಾ ಸ್ಕೂಟ್ರು?"

ಹರ್ಷಿತಾ ನಗಲಿಲ್ಲ. ಹಿಂದಿನ ದಿನ ಅವಳ ಗೈಡ್ ಮೇಡಂ ಎರಡನೇ ಸಲ ಎಲ್ಲ ಚಿತ್ರಗಳನ್ನೂ ವಾಪಸ್ ಕೊಟ್ಟಿದ್ದರು. "ಈ ಭವಿಷ್ಯ ಯಾರ ಊರಿಂದು? ಇಂಟರ್ನೆಟ್ಟಿಂದ ಎತ್ಕೊಂಡು ಬಂದಿದೀಯ. ನಿಮ್ಮ ಕೋಗಿಲಿಗೆ ಭವಿಷ್ಯ ಬಂದ್ರೆ ಅದು ಏನು ಹಾಕ್ಕೊಂಡು ಬರುತ್ತೆ?" ಅಂದಿದ್ದರಂತೆ. ಇನ್ನು ಉಳಿದದ್ದು ಆರು ವಾರ. ಮೂರನೇ ಸಲವೂ ಒಪ್ಪದಿದ್ದರೆ ಒಂದು ವರ್ಷ ಹೋದಂತೆಯೇ. ಮಗಳ ಅಳು ನೋಡಲಾರದೆ ಧನಲಕ್ಷ್ಮಿ, ಹೊಳೆಯುವುದು ಏನಾದರೂ ಸಿಕ್ಕರೆ ಅವಳಿಗೊಂದು ಉಪಾಯ ಹೊಳೆದೀತೆಂದು, ಕೈಗೆ ಸಿಕ್ಕ ಕವರಿಗೆ ಕತ್ತರಿ ಹಾಕಿದ್ದರು.

ಮುನಿಗಂಗಮ್ಮ ಎದ್ದು ಬಂದು ಒಂದು ಚಿತ್ರದ ಮೇಲೆ ಬಾಗಿದರು. "ಇವ್ನ್ಯಾಕವ್ವ ತಲೆ ಮ್ಯಾಲೆ ಕೊಪ್ಪೆ ಆಕ್ಕೊಂಡವ್ನೆ? ಇವ್ರೂ ರಾಗಿ ಪೈರು ನಾಟಿ ಮಾಡ್ತಾರಾ?"

"ಕೊಪ್ಪೆ ಅಂದ್ರೇನಜ್ಜಿ?"

"ಅಯ್ಯೋ, ಕೊಪ್ಪೆ ಗೊತ್ತಿಲ್ವಾ? ಸೋನೆ ಮಳೇಲಿ ಒಲದಾಗೆ ಕೆಲ್ಸ ಮಾಡುವಾಗ ಗೋಣಿಚೀಲ ಇಂಗೆ ಮಡಚಿ, ಇಂಗೆ ಒಳೀಕ್ಕೆ ನೂಕಿ..." ಎನ್ನುತ್ತಾ ಅಜ್ಜಿ ಕವರಿನ ಉಳಿದ ತುಂಡನ್ನೇ ಎತ್ತಿಕೊಂಡರು. ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಕ್ಕೆ ತೂರಿಸಿ, ಮೊಮ್ಮಗಳ ತಲೆಯ ಮೇಲೆ ಇಳಿಬಿಟ್ಟರು.

ಬೆಳ್ಳಿಯ ಬಟ್ಟೆ ಹಣೆಯ ಮೇಲೆ ಚೂಪಾಗಿ ನಿಂತು, ಬೆನ್ನ ಮೇಲೆ ನೀರಿನ ಹಾಗೆ ಜಾರಿ, ನೆಲ ಮುಟ್ಟಿತ್ತು. ಅದರೊಳಗಿಂದ ಹರ್ಷಿತಾಳ ಅತ್ತ ಕಣ್ಣು ಹೊಳೆಯುತ್ತಿತ್ತು. ಎಂಬತ್ತು ವರ್ಷ ಹಿಂದಿನ ಕೋಗಿಲೂ ಎಂಬತ್ತು ವರ್ಷ ಮುಂದಿನ ಕೋಗಿಲೂ ಒಂದೇ ತಲೆಯ ಮೇಲೆ ಬಂದು ಕೂತಂತಿತ್ತು. ರಾಮಕೃಷ್ಣಪ್ಪನವರ ಮೈಮೇಲೆ ಮುಳ್ಳೆದ್ದವು. ಲುಂಗಿ ಯಾಕೆ ಬಿಗಿದು ಕಟ್ಟಿಕೊಂಡು ಬಂದೆನೆಂಬುದು ಅವರಿಗೆ ನೆನಪಾಗಲೇ ಇಲ್ಲ.

"ಅಲ್ಲಾಡ್ಬೇಡ ಕಣೇ," ಎಂದು ಧನಲಕ್ಷ್ಮಿ ಬಾಯಲ್ಲಿ ಸೀಮೆಸುಣ್ಣ ಕಚ್ಚಿಕೊಂಡು ಎದ್ದರು. ಅಳತೆಪಟ್ಟಿ ಹಿಡಿಯಲಿಲ್ಲ, ಕಾಗದದ ಮೇಲೆ ಬರೆಯಲಿಲ್ಲ. ಕಣ್ಣಲ್ಲೇ ಅಳೆದು, ಮೂರು ಗೆರೆ ಎಳೆದು, ಕತ್ತರಿ ಇಟ್ಟರು. ಕತ್ತರಿ ದೋಣಿಯ ಹಾಗೆ ಹೋಯಿತು. ಇಪ್ಪತ್ತೆಂಟು ವರ್ಷದಿಂದ ಅರ್ಧ ಕೋಗಿಲಿಗೆ ಬ್ಲೌಸ್ ಹೊಲಿದುಕೊಟ್ಟ ಕೈ ಅದು. ಇಪ್ಪತ್ತೆಂಟು ವರ್ಷದಿಂದ ರಾಮಕೃಷ್ಣಪ್ಪನವರು, ಟಿವಿ ಕೇಳಿಸುತ್ತಿಲ್ಲ, ಮಿಷನ್ ನಿಲ್ಲಿಸೆಂದು ಕೂಗುತ್ತಾ ಬಂದಿದ್ದರು. ಆ ಕೈಯನ್ನು ಅವರು ನೋಡಿದ್ದು ಅವತ್ತೇ.

ಅಂದಿನಿಂದ ಮನೆಗೆ ಹುಚ್ಚು ಹಿಡಿಯಿತು. ರಾಮಕೃಷ್ಣಪ್ಪನವರು ಯಶವಂತಪುರದಲ್ಲಿ ಚಿಕ್ಕಬೈರಪ್ಪನ ಗುಜರಿ ಅಂಗಡಿ ಜಾಲಾಡಿ ಲಾರಿಗೆ ಬಿಗಿಯುವ ಪಟ್ಟಿ, ರಾತ್ರಿ ಮಿನುಗುವ ಟೇಪು, ಸ್ಕೂಲ್ ಬ್ಯಾಗಿನ ಟಕ್ಕೆನ್ನುವ ಕ್ಲಿಪ್ಪುಗಳನ್ನು ತಂದು ಸುರಿದರು. ಮುಂದಿನ ಕಾಲದ ಕೋಗಿಲಿನವರಿಗೆ ಏನೇನು ಬೇಕಾಗುತ್ತದೆಂದು ಊಟದ ಹೊತ್ತಿನಲ್ಲಿ ಮಹಾಸಭೆ ನಡೆಯತೊಡಗಿತು. ಕುಡಿಯುವ ನೀರಿಗೆ ಬೆನ್ನ ಮೇಲೊಂದು ಚೀಲ. ಧೂಳಿಗೆ ಮುಸುಕು. ತಲೆಯ ಮೇಲೆ ಹಾರುವ ವಿಮಾನದ ಸದ್ದಿಗೆ ಕಿವಿಮುಚ್ಚಳ. ಮುನಿಗಂಗಮ್ಮನದು ಒಂದೇ ಹಠ. "ಎಲೆ ಅಡಿಕೆಗೆ ಜೇಬು ಇಡ್ರವ್ವ. ಯಾವ ಕಾಲ ಬಂದ್ರೂ ಬಾಯಿ ಇರ್ತದಲ್ಲ!" ಇಟ್ಟರು. ಸುಣ್ಣಕ್ಕೆ ಬೇರೆ ಜೇಬು.

ಬ್ರಾಂಡಿಗೆ ಹೆಸರು ಮಾತ್ರ ಸಿಗಲಿಲ್ಲ. ರಾಮಕೃಷ್ಣಪ್ಪನವರು 'ಶ್ರೀ ಭವಿಷ್ಯ ಗಾರ್ಮೆಂಟ್ಸ್' ಅಂದರು. ಹರ್ಷಿತಾ ಕೈಮುಗಿದಳು. ಅಷ್ಟರಲ್ಲಿ ಬಾಗಿಲಲ್ಲಿ ಪಕ್ಕದ ಬೀದಿಯ ಪಟಾಲಮ್ಮ ಬಂದು, "ಲಕ್ಷ್ಮಕ್ಕಾ, ನನ್ನ ಬ್ಲೌಸ್ ಯಾವಾಗ ಕೊಡ್ತೀರಾ?" ಎಂದು ಕೂಗಿದಳು.

ಧನಲಕ್ಷ್ಮಿ ತಲೆಯೆತ್ತದೆ, ಇಪ್ಪತ್ತೆಂಟು ವರ್ಷದಿಂದ ಹೇಳುತ್ತಾ ಬಂದದ್ದನ್ನೇ ಹೇಳಿದರು. "ನಾಳಿದ್ದು!"

ಹರ್ಷಿತಾ ಕೂತಲ್ಲೇ ಹಾರಿದಳು. "ಅಮ್ಮಾ! ಅದೇ! ಅದೇ ಹೆಸರು!"

ಹೀಗೆ 'ನಾಳಿದ್ದು' ಹುಟ್ಟಿತು. ಅದರ ಕಿರೀಟವೆಂದರೆ ನಾಲ್ಕನೇ ಉಡುಪು, ತೋಳಿನಿಂದ ಕೆಳಗಿನ ಅಂಚಿನವರೆಗೆ ನೀಲಿ ದೀಪದ ಕೊಳವೆ ಹೊಲಿದ ಬೆಳ್ಳಿಯ ಕೊಪ್ಪೆಕೋಟು. ಅದಕ್ಕೆ ಎದುರಿನಲ್ಲಿ ಒಂದು ಗುಂಡಿಯೂ ಇಲ್ಲ. ಹದಿನಾಲ್ಕು ಕ್ಲಿಪ್ಪೂ ಬೆನ್ನ ಮೇಲೆ.

"ಅಲ್ಲಮ್ಮ, ಒಬ್ಬನೇ ಇದ್ರೆ ಹಾಕ್ಕೊಳ್ಳೋದು ಹೇಗೆ?" ಎಂದು ರಾಮಕೃಷ್ಣಪ್ಪನವರು ಕೇಳಿದರು.

"ಹಾಕ್ಕೊಳ್ಳೋಕಾಗಲ್ಲಪ್ಪ. ಅದೇ ವಿಷಯ. ಎಷ್ಟೇ ಮುಂದಿನ ಕಾಲ ಬಂದ್ರೂ ಮನುಷ್ಯನಿಗೆ ಇನ್ನೊಬ್ಬ ಮನುಷ್ಯ ಬೇಕು."

ಗೈಡ್ ಮೇಡಂ ಈ ಮಾತು ಕೇಳಿ, ಕೋಟನ್ನು ನೋಡಿ, "ಇದು ನಿಮ್ಮೂರಿಂದು" ಅಂದರಂತೆ. ಮಗಳು ಬಂದು ಹೇಳಿದಾಗ ರಾಮಕೃಷ್ಣಪ್ಪನವರು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದರು.

ಪ್ರದರ್ಶನದ ದಿನ ತಾಯಿಮಗಳು ಮೂರು ಉಡುಪು ತೆಗೆದುಕೊಂಡು ಬೆಳಿಗ್ಗೆಯೇ ಆಟೋದಲ್ಲಿ ಹೊರಟರು. ಕೊಪ್ಪೆಕೋಟಿನ ದೀಪಕ್ಕೆ ಹತ್ತು ಗಂಟೆಯವರೆಗೆ ಚಾರ್ಜ್ ಆಗಬೇಕಿತ್ತು. "ಮಡಚ್ಬೇಡಿ, ದೀಪದ ಕೊಳವೆ ಮುರಿಯುತ್ತೆ. ಹ್ಯಾಂಗರಲ್ಲಿ ನೇತಾಕ್ಕೊಂಡು ಆಟೋದಲ್ಲೇ ಬನ್ನಿ. ಹನ್ನೊಂದೂವರೆಗೆ ನಮ್ಮ ಸರದಿ," ಎಂದು ಧನಲಕ್ಷ್ಮಿ ಮೂರು ಸಲ ಹೇಳಿದರು.

ಹತ್ತು ಗಂಟೆಗೆ ಕೋಗಿಲಿನಲ್ಲಿ ಒಂದು ಆಟೋವೂ ರಾಜಾನುಕುಂಟೆ ಕಡೆ ಬರಲು ಒಪ್ಪಲಿಲ್ಲ. ಸ್ಕೂಟರಿನಲ್ಲಿ ಹ್ಯಾಂಗರ್ ಹಿಡಿಯುವಂತಿಲ್ಲ, ಕೋಟು ಮಡಚುವಂತಿಲ್ಲ. ಆಗ ರಾಮಕೃಷ್ಣಪ್ಪನವರಿಗೆ ಬೃಹತ್ ಯೋಚನೆಯೊಂದು ಬಂತು. (ಅವರ ಜೀವನದ ಅನಾಹುತಗಳೆಲ್ಲ ಹೀಗೇ, ಯೋಚನೆಯಿಂದಲೇ ಶುರುವಾದದ್ದು.) ತೊಟ್ಟುಕೊಂಡೇ ಹೋದರೆ?

"ಅವ್ವಾ, ಬೆನ್ನಿಂದೆ ಕ್ಲಿಪ್ ಹಾಕವ್ವ."

ಮುನಿಗಂಗಮ್ಮ ಟಕ್ ಟಕ್ ಎಂದು ಹದಿನಾಲ್ಕನ್ನೂ ಬಿಗಿದು, ಹಿಂದೆ ಸರಿದು ನೋಡಿ, ಕೆನ್ನೆ ಬಡಿದುಕೊಂಡರು. "ಥೇಟ್ ದೇವ್ರಂಗೆ ಕಾಣ್ತೀಯ ಕಣ್ಲಾ. ಯಾವ ದೇವ್ರು ಅಂತ ಗೊತ್ತಾಯ್ತಿಲ್ಲ."

ಹೆಲ್ಮೆಟ್ಟಿನ ಮೇಲೆ ಬೆಳ್ಳಿಯ ಕೊಪ್ಪೆ, ತೋಳಿನ ಮೇಲೆ ನೀಲಿ ದೀಪ. ಕೋಗಿಲು ಕ್ರಾಸಿನಲ್ಲಿ ಬಸ್ಸಿನ ಜನರೆಲ್ಲ ಒಂದೇ ಕಡೆ ವಾಲಿದರು. ಯಲಹಂಕದಲ್ಲಿ ಒಬ್ಬ ಲಾರಿ ಡ್ರೈವರ್ ತಾನಾಗಿಯೇ ದಾರಿ ಬಿಟ್ಟ. ಮೂವತ್ತು ವರ್ಷದಲ್ಲಿ ಯಾವ ಲಾರಿಯೂ ರಾಮಕೃಷ್ಣಪ್ಪನವರಿಗೆ ದಾರಿ ಬಿಟ್ಟಿರಲಿಲ್ಲ! ಆದರೆ ಗಾಳಿಯಾಡದ ಕೋಟಿನೊಳಗೆ ಬೆವರು ಕಾಲುವೆಯಾಗಿ ಹರಿಯುತ್ತಿತ್ತು. ದೊಡ್ಡಬಳ್ಳಾಪುರ ರಸ್ತೆಯಲ್ಲಿ ಒಂದು ಎಳನೀರಿನ ಗಾಡಿ ಕಂಡದ್ದೇ ನಿಲ್ಲಿಸಿದರು.

ಎಳನೀರಿನವನು ಮಚ್ಚು ಕೆಳಗಿಟ್ಟು ನೆಟ್ಟಗೆ ನಿಂತ. ಹತ್ತಿರದಲ್ಲೇ ವಾಯುಪಡೆಯ ನೆಲೆ ಇರುವ ಊರು. ಅವನ ಊಹೆ ಅತ್ತ ಹೋಯಿತು.

"ಸಾರ್, ವಿಮಾನ ಎಲ್ಲಿ ಬಿತ್ತು ಸಾರ್?"

ರಾಮಕೃಷ್ಣಪ್ಪನವರು ನಿಜ ಹೇಳಬಹುದಿತ್ತು. ಆದರೆ ಸುತ್ತ ಏಳೆಂಟು ಜನ ಬಾಯಿ ಬಿಟ್ಟುಕೊಂಡು ಸೇರಿದ್ದರು. ಯಾರಾದರೂ ತಮ್ಮನ್ನು ಹೀಗೆ ನೋಡಿದ್ದು ಅವರಿಗೆ ನೆನಪಿರಲಿಲ್ಲ. ಗಂಭೀರವಾಗಿ, "ಹೇಳೋ ಹಾಗಿಲ್ಲಪ್ಪ" ಅಂದರು.

ಜನ ತಲೆದೂಗಿದರು. ಎಳನೀರಿನವನು ಕಾಸು ಮುಟ್ಟಲಿಲ್ಲ. "ದೇಶಕ್ಕೋಸ್ಕರ ಕುಡೀರಿ ಸಾರ್" ಎಂದು ಎರಡನೆಯದು ಕೆತ್ತಿಕೊಟ್ಟ. ದೇಶದ ಮಾತು ಬಂದ ಮೇಲೆ ಮೂರನೆಯದನ್ನು ಬೇಡವೆನ್ನಲಾಗಲಿಲ್ಲ.

ಆ ಮೂರು ಎಳನೀರೂ ರೈಲ್ವೆ ಗೇಟಿನ ಹತ್ತಿರ ತಮ್ಮ ಕೆಲಸ ಶುರು ಮಾಡಿದವು. ಗೇಟು ಹಾಕಿತ್ತು. ಒಂದು ಗೂಡ್ಸ್ ರೈಲು, ಎಣಿಸಲಾರದಷ್ಟು ಡಬ್ಬಿ, ನಿಧಾನವಾಗಿ ಸಾಗಿತು. ರಸ್ತೆ ಬದಿಯ ಹೊಂಗೆ ಮರವೊಂದು ಕರೆಯುತ್ತಿತ್ತು. ಆದರೆ ಕೋಟು ಕಾಲಿನವರೆಗೆ ಇಳಿದಿದೆ, ಎತ್ತಿ ಮಡಚಿದರೆ ದೀಪದ ಕೊಳವೆ ಮುರಿಯುತ್ತದೆ, ಎದುರಿನಲ್ಲಿ ಸಂದಿಯಿಲ್ಲ, ಬೆನ್ನಿನ ಕ್ಲಿಪ್ಪಿಗೆ ಕೈ ಎಟುಕುವುದಿಲ್ಲ. ಮನುಷ್ಯನಿಗೆ ಇನ್ನೊಬ್ಬ ಮನುಷ್ಯ ಬೇಕೆಂಬ ಮಗಳ ತತ್ತ್ವ ರಾಮಕೃಷ್ಣಪ್ಪನವರಿಗೆ ಆಗ ಅಸ್ಥಿಗತವಾಯಿತು.

ಕಾಲೇಜಿನ ಸಭಾಂಗಣದ ಹಿಂಬಾಗಿಲು ಸೇರಿದಾಗ ಹನ್ನೊಂದು ನಲವತ್ತು. ಮೈಕಿನಲ್ಲಿ ಆಗಲೇ "ನಾಳಿದ್ದು" ಎಂದು ಕೂಗಿ ಆಗಿತ್ತು. ಮೂವರು ಹುಡುಗಿಯರು ಒಬ್ಬರ ಹಿಂದೊಬ್ಬರು ವೇದಿಕೆಗೆ ಹೊರಟಿದ್ದರು. ಕೋಟು ತೊಡಬೇಕಿದ್ದ ಗೆಳತಿ ಬರಿಗೈಯಲ್ಲಿ ನಿಂತಿದ್ದಳು. ಹರ್ಷಿತಾಳ ತುಟಿ ಬಿಳಿಚಿತ್ತು.

"ಬಿಚ್ಚೇ! ಬೇಗ ಬಿಚ್ಚೇ ಲಕ್ಷ್ಮಿ!"

"ಬಿಚ್ಚಿ ಅವಳಿಗೆ ಹಾಕೋಷ್ಟ್ರಲ್ಲಿ ಪರೀಕ್ಷೆ ಮುಗಿದಿರುತ್ತೆ. ನೀವೇ ನಡೀರಿ."

"ನಂಗೆ ಅರ್ಜೆಂಟು ಕಣೇ!"

"ನಮಗೂ ಅರ್ಜೆಂಟೇ!" ಎಂದು ಧನಲಕ್ಷ್ಮಿ, ಮದುವೆಯಾದಾಗಿನಿಂದ ಕೂಡಿಟ್ಟ ಬಲವನ್ನೆಲ್ಲ ಸೇರಿಸಿ, ಗಂಡನನ್ನು ವೇದಿಕೆಗೆ ನೂಕಿದರು.

ಬೆಳಕು ಬಿತ್ತು. ನಾನೂರು ಜನ ಕತ್ತು ಚಾಚಿದರು. ರಾಮಕೃಷ್ಣಪ್ಪನವರು ನಡೆದರು. ಮೊಣಕಾಲು ಮೊಣಕಾಲಿಗೆ ಅಂಟಿಸಿ, ಪುಟ್ಟ ಪುಟ್ಟ ಹೆಜ್ಜೆಯಿಟ್ಟು, ಗಾಜಿನ ಮೇಲೆ ತೇಲುವವರಂತೆ ನಡೆದರು. ಬೆಳ್ಳಿಯ ಕೊಪ್ಪೆಯೊಳಗಿಂದ ಅವರ ಕಣ್ಣು ಸಭಾಂಗಣದ ಆ ತುದಿಯಲ್ಲಿ ನೆಟ್ಟಿತ್ತು. ಅಲ್ಲಿ ಬಾಗಿಲ ಮೇಲೆ 'ಪುರುಷರು' ಎಂಬ ಬೋರ್ಡು ಹಸಿರಾಗಿ ಉರಿಯುತ್ತಿತ್ತು. ಅಷ್ಟು ಆಸೆಯಿಂದ ಅವರು ಈ ಪ್ರಪಂಚದಲ್ಲಿ ಏನನ್ನೂ ನೋಡಿರಲಿಲ್ಲ. ತುದಿಗೆ ಬಂದು, ಒಂದು ಕ್ಷಣ ಕಣ್ಣು ಮುಚ್ಚಿ, ತಿರುಗಿ, ಅದೇ ತೇಲುನಡಿಗೆಯಲ್ಲಿ ಮಾಯವಾದರು.

ಚಪ್ಪಾಳೆಯ ಮಧ್ಯೆ ತೀರ್ಪುಗಾರ್ತಿಯೊಬ್ಬರ ಮಾತು ಪರದೆಯ ಹಿಂದಕ್ಕೂ ಕೇಳಿಸಿತು. "ಆ ನೋಟ ನೋಡಿದ್ರಾ? ಕಣ್ಣೆದುರೇ ಇದೆ, ತಲುಪೋಕಾಗ್ತಿಲ್ಲ! ಭವಿಷ್ಯ ಅಂದ್ರೆ ಅದೇ ಅಲ್ವಾ?"

ಧನಲಕ್ಷ್ಮಿ ಹದಿನಾಲ್ಕು ಕ್ಲಿಪ್ಪನ್ನು ಹದಿನಾಲ್ಕು ಸೆಕೆಂಡಿನಲ್ಲಿ ಬಿಚ್ಚಿದರು. ಗಂಡ ಓಡಿದ ವೇಗ ನೋಡಲು ತೀರ್ಪುಗಾರರು ಅಲ್ಲಿರಲಿಲ್ಲ.

ರಾಮಕೃಷ್ಣಪ್ಪನವರು ಹಗುರವಾಗಿ, ತಲೆ ಬಾಚಿಕೊಂಡು, ಚೌಕಳಿ ಶರ್ಟಿನಲ್ಲಿ ಹೊರಬರುವಷ್ಟರಲ್ಲಿ 'ನಾಳಿದ್ದು'ಗೆ ಮೊದಲ ಸ್ಥಾನವೆಂದು ಸಾರಿದ್ದರು. ಆರ್.ಟಿ. ನಗರದ ಅಂಗಡಿಯವರೊಬ್ಬರು ಇಂಥ ಕೋಟು ಇನ್ನೆಷ್ಟು ಹೊಲಿದುಕೊಡುತ್ತೀರೆಂದು ಧನಲಕ್ಷ್ಮಿಯನ್ನು "ಮೇಡಂ, ಮೇಡಂ" ಎಂದು ಕೇಳುತ್ತಿದ್ದರು. ರಾಮಕೃಷ್ಣಪ್ಪನವರು ಕಾಲರ್ ಸರಿಮಾಡಿಕೊಂಡು ವೇದಿಕೆಯ ಮೆಟ್ಟಿಲು ಹತ್ತಹೋದರು.

"ಅಂಕಲ್, ಮೇಲೆ ಟೀಮಿನೋರು ಮಾತ್ರ," ಎಂದು ಒಬ್ಬ ಹುಡುಗಿ ಕೈ ಅಡ್ಡಹಿಡಿದಳು.

"ಆ ಕೋಟು ನಾನೇ ಕಣಮ್ಮ."

"ಕೋಟು ಅಲ್ಲೇ ಇದೆಯಲ್ಲ ಅಂಕಲ್."

ನಿಜ. ಕೋಟು ಒಂದು ಮರದ ಬೊಂಬೆಯ ಮೇಲೆ ವೇದಿಕೆಯ ನಡುವೆ ನಿಂತಿತ್ತು. ಜನ ಅದರ ಜೊತೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು.

"ಅಪ್ಪಾ, ಬಾ ಬಾ!" ಎಂದು ಹರ್ಷಿತಾ ಕೂಗಿದಳು. ರಾಮಕೃಷ್ಣಪ್ಪನವರ ಎದೆ ಉಬ್ಬಿತು. ಅವಳು ವೇದಿಕೆಯಿಂದ ಬಾಗಿ ಫೋನನ್ನು ಅವರ ಕೈಗಿಟ್ಟಳು. "ನಮ್ಮೆಲ್ಲರದ್ದು ಒಂದು ಫೋಟೋ ತೆಗಿಯಪ್ಪ. ಬೇರೆಯೋರು ತಲೆ ಕತ್ತರಿಸ್ತಾರೆ."

ಅವರು ಫೋನಿನೊಳಗೆ ನೋಡಿದರು. ಒಂದು ಕಡೆ ಮಗಳು, ನಡುವೆ ಬೆಳ್ಳಿಯ ಕೋಟು, ಇನ್ನೊಂದು ಕಡೆ ಹೆಂಡತಿ. ರೇಷ್ಮೆ ಸೀರೆ ಉಟ್ಟಿದ್ದರೂ ಬೆರಳಿನ ಸೀಮೆಸುಣ್ಣ ಹೋಗಿರಲಿಲ್ಲ. ನಾನೂರು ಜನ ಎದ್ದು ನಿಂತು ಅವರಿಗಾಗಿ ಚಪ್ಪಾಳೆ ತಟ್ಟುತ್ತಿದ್ದರು. ಬೆರಗಿನಲ್ಲಿ ರಾಮಕೃಷ್ಣಪ್ಪನವರು ತಮ್ಮ ಬೆರಳು ಎಲ್ಲಿದೆಯೆಂದು ನೋಡಿಕೊಳ್ಳಲಿಲ್ಲ. ಹಾಗೇ ಒತ್ತಿದರು.

ಆ ಫೋಟೋವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದರು. ಮುನಿಗಂಗಮ್ಮ ಎಲೆ ಅಗಿಯುತ್ತಾ ಬಹಳ ಹೊತ್ತು ನೋಡಿದರು.

"ಇವ್ಳು ನಿನ್ನೆಂಡ್ತಿ. ಇವ್ಳು ಮಗ್ಳು. ಮಧ್ಯದಾಗೆ ನೆಟ್ಟಗೆ ನಿಂತಿರೋನು ನೀನಾ? ಚೆನ್ನಾಗಿ ಬಂದಿದೀಯ ಕಣ್ಲಾ."

"ಅದು ಬೊಂಬೆ ಕಣವ್ವ. ನಾನು ಇಲ್ಲಿದೀನಿ, ನೋಡು," ಎಂದು ರಾಮಕೃಷ್ಣಪ್ಪನವರು ಫೋಟೋದ ಎಡಮೂಲೆ ತೋರಿಸಿದರು. ಅಲ್ಲಿ ಮಬ್ಬಾಗಿ, ದಪ್ಪಗೆ, ಅರ್ಧ ಬೆರಳೊಂದು ಅಡ್ಡ ಬಂದಿತ್ತು.

ಮುನಿಗಂಗಮ್ಮ ಕಣ್ಣು ಕಿರಿದುಮಾಡಿ ಹತ್ತಿರ ಹೋಗಿ ನೋಡಿದರು.

"ಅಷ್ಟು ಕಷ್ಟಪಟ್ಟು ಓದ್ಸಿದ್ದು ಇದಕ್ಕೇನ್ಲಾ," ಅಂದರು, "ಎಬ್ಬೆಟ್ಟು ಒತ್ತೋಕೆ?"